ಎತ್ತದ ಅಂಗೈ

ಮೇಲಿನ ಮನೆಯನ್ನು ಜಪಾನಿನ ಹೆಣ್ಣುಮಗಳೊಬ್ಬಳಿಗೆ ಬಾಡಿಗೆಗೆ ಕೊಡುವ ಮಾತು ಬಂದಾಗ ಪ್ರಭಾವತಿಗಿಂತ ಹೆಚ್ಚು ಹಿಗ್ಗಿದವರು ಅವಳ ಗಂಡ ಉಡಚಪ್ಪನವರು. ಆಕೆಯ ಹೆಸರು ಹಿಸಾಕೊ. ವಯಸ್ಸು ನಲವತ್ತನಾಲ್ಕು, ಮದುವೆಯಾಗಿರಲಿಲ್ಲ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ತಯಾರಾಗುವ ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ಕೆಲಸದ ಮೇಲೆ ಎರಡು ವರ್ಷಕ್ಕೆಂದು ಬಂದಿದ್ದಳು. ಹೋಟೆಲು ಸಾಕಾಗಿದೆ, ಮನೆ ಬೇಕು ಎಂದಿದ್ದಳಂತೆ. ಕಂಪನಿಯ ಕಾರು ಓಡಿಸುವ ಹುಸೇನಬಾಷಾ ಒಂದು ಕಾಲಕ್ಕೆ ಪ್ರಭಾವತಿಯ ಹತ್ತಿರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿತವನು. ಸಪ್ತಾಪುರದ ಇವರ ಮನೆಯನ್ನು ತೋರಿಸಿದವನು ಅವನೇ.

"ಬುದ್ಧನ ದೇಶದಾಕಿ ನಮ್ಮ ಮನಿಗೆ ಬರಾಕತ್ತಾಳಂದ್ರ ಸಣ್ಣ ಮಾತಲ್ಲ," ಎಂದರು ಉಡಚಪ್ಪ.

"ಬುದ್ಧ ಹುಟ್ಟಿದ್ದು ಈ ಕಡೆ ಅಲ್ಲೇನ್ರಿ?"

"ಹುಟ್ಟಿದ್ದು ಈ ಕಡೆ. ಉಳಿದದ್ದು ಆ ಕಡೆ."

ಉಡಚಪ್ಪ ನೀರಾವರಿ ಇಲಾಖೆಯಿಂದ ನಿವೃತ್ತರಾಗಿ ಒಂಬತ್ತು ವರ್ಷವಾಗಿತ್ತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡವರು. ಪಡಸಾಲೆಯಲ್ಲಿ ಬಿಳಿ ಕಲ್ಲಿನ ಬುದ್ಧ, ಮೇಲೆ ಗೋಡೆಗೆ ಬಾಬಾಸಾಹೇಬರ ಫೋಟೋ. ದಿನಾ ಸಂಜೆ ಏಳಕ್ಕೆ ಗಂಡ ಹೆಂಡತಿ ಅಲ್ಲಿ ಕೂತು ವಂದನೆ ಹೇಳುತ್ತಿದ್ದರು. ಈಗ ವಿಜಯಪುರದಲ್ಲಿ ಕಾಲೇಜು ಮಾಸ್ತರನಾಗಿರುವ ಮಗ ಪ್ರಬುದ್ಧ ಆ ದನಿ ಕೇಳುತ್ತಲೇ ಬೆಳೆದವನು.

ಹಿಸಾಕೊ ಬಂದ ದಿನ ಉಡಚಪ್ಪ ಹೂ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವಳು ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲ ತನಕ ಬಂದಳು. ಒಳಗಿದ್ದ ಬುದ್ಧನನ್ನು ಕಂಡಳು. ಅಲ್ಲೇ ನಿಂತು ಗಂಡ ಹೆಂಡತಿಯಿಬ್ಬರಿಗೂ ಸೊಂಟ ಬಗ್ಗಿಸಿ ನಮಸ್ಕರಿಸಿ, ಹೂ ಇಸಿದುಕೊಂಡು, ಹೊರಗಿನ ಮೆಟ್ಟಿಲಿಂದ ಮೇಲೆ ಹೋಗಿಬಿಟ್ಟಳು. ಮಾರನೆಯ ದಿನ ಪ್ರಭಾವತಿಯನ್ನು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು: "ಸಂಜೆ ನೀವು ಪ್ರಾರ್ಥನೆ ಮಾಡುವ ಹೊತ್ತಿಗೆ ನಾನು ಬಾಗಿಲು ಕಿಟಕಿ ಮುಚ್ಚಿಕೊಂಡರೆ ನಿಮಗೆ ಬೇಸರವಾಗುತ್ತದೆಯೇ?"

ಇದನ್ನು ಕೇಳಿ ಉಡಚಪ್ಪ ಹೊಸ್ತಿಲ ಕಡೆ ನೋಡಿದರು. ಆಮೇಲೆ, "ನಾವು ಯಾರು ಎಂಥವ್ರು ಅಂತ ಅಕೀಗೆ ಯಾರೋ ಹೇಳಿರಬೇಕು," ಎಂದರು. ಅಮ್ಮಿನಬಾವಿಯಲ್ಲಿ ಹುಡುಗನಾಗಿದ್ದಾಗ ಎಷ್ಟೋ ಮನೆಗಳ ಹೊಸ್ತಿಲಾಚೆ ನಿಂತು ಬೊಗಸೆಯೊಡ್ಡಿ ನೀರು ಕುಡಿದವರು ಅವರು. ತಮ್ಮ ಹೊಸ್ತಿಲನ್ನು ಒಬ್ಬರು ದಾಟಲಿಲ್ಲವೆಂದರೆ ಅವರಿಗೆ ಹೊಳೆಯುವ ಕಾರಣ ಅದೊಂದೇ.

"ಹಂಗಿದ್ರ ನನ್ನ ಕೈಲೆ ರೊಟ್ಟಿ ಪಲ್ಯೆ ಇಸ್ಗೊಂಡು ಉಣ್ತಿದ್ಲೇನ್ರಿ? ನಿನ್ನೆ ಎರಡು ರೊಟ್ಟಿ ತಿಂದಾಳ," ಎಂದಳು ಪ್ರಭಾವತಿ. ಉಡಚಪ್ಪನವರಿಗೆ ಸಮಾಧಾನವಾಗಲಿಲ್ಲ.

ತಿಂಗಳುಗಳು ಹೀಗೇ ಕಳೆದವು. ಹುಸೇನಬಾಷಾ ಕರೆಯುವುದನ್ನು ಕೇಳಿ ಹಿಸಾಕೊಳೂ ಪ್ರಭಾವತಿಯನ್ನು ಅಕ್ಕಾರ ಎಂದೂ ಉಡಚಪ್ಪನವರನ್ನು ಕಾಕಾರ ಎಂದೂ ಕರೆಯತೊಡಗಿದಳು. ಅಡುಗೆಮನೆಗೆ ಹಿತ್ತಲಿನಿಂದ ಬರುತ್ತಿದ್ದಳು. ಪಡಸಾಲೆಗೆ ಮಾತ್ರ ಒಮ್ಮೆಯೂ ಕಾಲಿಡಲಿಲ್ಲ.

ಸೆಪ್ಟೆಂಬರಿನಲ್ಲಿ ಊರ ತುಂಬ ಡೆಂಗಿ ಜ್ವರವಿತ್ತು. ಒಂದು ಬೆಳಿಗ್ಗೆ ಹುಸೇನಬಾಷಾ ಎಷ್ಟು ಹಾರ್ನ್ ಹೊಡೆದರೂ ಹಿಸಾಕೊ ಕೆಳಗಿಳಿದು ಬರಲಿಲ್ಲ. ಪ್ರಭಾವತಿ ಮೇಲೆ ಹೋಗಿ ನೋಡಿದರೆ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಹಿಸಾಕೊ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು, ಮುಖ ಕೆಂಪಗಾಗಿತ್ತು. ಜ್ವರ ನೋಡೋಣವೆಂದು ಪ್ರಭಾವತಿ ಹಣೆಯ ಕಡೆ ಕೈ ಚಾಚಿದಳು. ಅಷ್ಟರಲ್ಲಿ ಹಿಸಾಕೊ ಕಣ್ಣು ತೆರೆದಳು. ತನ್ನ ಮುಖದ ಮೇಲೆ ಬಿಚ್ಚಿದ ಅಂಗೈಯನ್ನು ಕಂಡವಳೇ ಚೀರಿ, ಆ ಕೈಯನ್ನು ಜೋರಾಗಿ ಹೊಡೆದು ತಳ್ಳಿ, ಗೋಡೆಗೆ ಒತ್ತಿಕೊಂಡು ಮುದುಡಿ ಕೂತಳು. ತನ್ನ ಭಾಷೆಯಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಪ್ರಭಾವತಿ ಹಿಂದೆ ಸರಿದು, ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು, ಅವಳ ಉಸಿರು ಹದಕ್ಕೆ ಬರುವವರೆಗೆ ದೂರ ನಿಂತಳು.

ನಾಲ್ಕು ದಿನ ಆಸ್ಪತ್ರೆಯಲ್ಲಿಟ್ಟು ಸಲೈನ್ ಹಾಕಿಸಿದರು. ಅಲ್ಲಿಂದ ಬಂದ ಮೇಲೆ ಒಂದು ಮಧ್ಯಾಹ್ನ, ಅಡುಗೆಮನೆಯಲ್ಲಿ ಇಬ್ಬರೂ ಶೇಂಗಾ ಸುಲಿಯುತ್ತ ಕೂತಿದ್ದಾಗ, ಹಿಸಾಕೊ ತಾನಾಗಿಯೇ ಹೇಳಿದಳು. "ಅವತ್ತು ನಿಮಗೆ ಹೊಡೆದೆ, ಅಕ್ಕಾರ. ಯಾಕೆಂದು ಹೇಳದಿದ್ದರೆ ತಪ್ಪಾಗುತ್ತದೆ."

ಹಿಸಾಕೊಳ ತಂದೆ ಲಾರಿ ಓಡಿಸುತ್ತಿದ್ದವನು. ಅವಳಿಗೆ ಆರು, ತಮ್ಮ ಶೋತಾನಿಗೆ ಎರಡು ವರ್ಷವಾಗಿದ್ದಾಗ ಅಪಘಾತದಲ್ಲಿ ಸತ್ತ. ಬಂಧುಗಳು ಶವಸಂಸ್ಕಾರಕ್ಕೆ ಬಂದು ಹೋದವರು ಮತ್ತೆ ಬರಲಿಲ್ಲ. ಬಂದವರು ಒಂದು ಪಂಥದ ಹೆಂಗಸರು. ಅದರ ಹೆಸರಿನ ಅರ್ಥ 'ಬೆಳಗಿನ ಬಾಗಿಲು'. ಯುದ್ಧದಲ್ಲಿ ದೇಶ ಸೋತು ಊರುಗಳು ಸುಟ್ಟು ಕರಕಾಗಿದ್ದ ಕಾಲದಲ್ಲಿ, ಬಟ್ಟೆಗೆ ಬಣ್ಣ ಹಾಕುವವನ ಹೆಂಡತಿಯೊಬ್ಬಳು ತನ್ನ ಅಂಗೈಯಿಂದ ಬೆಳಕು ಬರುತ್ತದೆ, ಅದು ರೋಗ ತೊಳೆಯುತ್ತದೆ ಎಂದು ಸಾರಿ ಕಟ್ಟಿದ ಪಂಥ. ಆ ಕಾಲದಲ್ಲಿ ಇಂಥವು ಎಷ್ಟೋ ಹುಟ್ಟಿಕೊಂಡವಂತೆ. ಹಳ್ಳಿ ಬಿಟ್ಟು ಕಾರ್ಖಾನೆಯ ಊರುಗಳಿಗೆ ಬಂದು ಒಂಟಿಯಾದವರು, ಗಂಡ ಮಕ್ಕಳನ್ನು ಕಳೆದುಕೊಂಡವರು ಲಕ್ಷಗಟ್ಟಲೆ ಸೇರಿದರಂತೆ.

"ಅವರು ಬಿಸಿ ಅನ್ನ ತಂದರು. ನಮ್ಮ ಬಟ್ಟೆ ಒಗೆದರು. ಅಮ್ಮ ಅಳುವಾಗ ಹಿಡಿದುಕೊಂಡು ಕೂತರು. ಅವರು ಕೆಟ್ಟವರಾಗಿರಲಿಲ್ಲ, ಅಕ್ಕಾರ. ಜನರಿಗೆ ಅದನ್ನು ತಿಳಿಸಿ ಹೇಳುವುದೇ ಕಷ್ಟ."

ಹಿಂದಿನ ಜನ್ಮಗಳ ಪಾಪದ ಕಲೆಯೇ ರೋಗವಾಗಿ ಬರುತ್ತದೆ, ಔಷಧಿ ತಗೊಂಡರೆ ಆ ಕಲೆ ಒಳಗೇ ಉಳಿಯುತ್ತದೆ ಎಂಬುದು ಅವರ ನಂಬಿಕೆ. ಮಕ್ಕಳೂ ದಿನಾ ಒಬ್ಬರಿಗೊಬ್ಬರು ಅಂಗೈ ಎತ್ತಿ ಹಿಡಿಯಬೇಕು. ಗೆಳತಿಯರ ಹುಟ್ಟುಹಬ್ಬಕ್ಕೆ ಹೋಗುವಂತಿಲ್ಲ. ಶಾಲೆಯಲ್ಲಿ ಲಸಿಕೆಯ ಸೂಜಿ ಹಾಕುವ ದಿನ ಮನೆಯಲ್ಲೇ ಇರಬೇಕು.

ಶೋತಾನಿಗೆ ಒಂಬತ್ತು ವರ್ಷವಾಗಿದ್ದಾಗ, ಒಂದು ಜೂನಿನಲ್ಲಿ, ಹೊಟ್ಟೆನೋವು ಬಂತು. ಬಲಗಡೆ, ಕೆಳಗೆ. ತಾಯಿ ಅಂಗೈ ಎತ್ತಿ ಕೂತಳು. ಪಂಥದ ಹೆಂಗಸರು ಸರದಿಯ ಮೇಲೆ ಬಂದು ಕೂತರು. ಹದಿಮೂರು ವರ್ಷದ ಹಿಸಾಕೊ ಶಾಲೆಯಿಂದ ಬಂದು, ತೋಳು ಸೋಲುವ ತನಕ ತಮ್ಮನ ಹೊಟ್ಟೆಯ ಮೇಲೆ ಕೈ ಹಿಡಿದಳು. ಮೂರನೆಯ ದಿನ ನೋವು ಇದ್ದಕ್ಕಿದ್ದ ಹಾಗೆ ನಿಂತಿತು. ಬೆಳಕು ಗೆದ್ದಿತೆಂದು ಎಲ್ಲರೂ ಸಂತೋಷದಿಂದ ಅತ್ತರು. ಹುಡುಗ ಸ್ವಲ್ಪ ನೀರು ಕುಡಿದು, ನಾಳೆ ಶಾಲೆಗೆ ಹೋಗುತ್ತೇನೆ ಎಂದ. ಮರುದಿನ ಬೆಳಿಗ್ಗೆ ಸತ್ತುಹೋದ. ಒಳಗೆ ಕರುಳಿಗಂಟಿದ ಅಪೆಂಡಿಕ್ಸ್ ಒಡೆದಿತ್ತು.

"ಪಂಥದ ಮುಖ್ಯಸ್ಥೆ ಬಂದು, ಈ ಮನೆಯಲ್ಲಿ ಯಾರೋ ಸಂಶಯಪಟ್ಟಿದ್ದಾರೆ, ಬೆಳಕು ಅಲ್ಲಿಂದ ಸೋರಿತು ಅಂದಳು. ಅಮ್ಮ ತಿರುಗಿ ನನ್ನನ್ನು ನೋಡಿದಳು. ಬೈಯಲಿಲ್ಲ. ಬರೀ ನೋಡಿದಳು." ಹಿಸಾಕೊ ಶೇಂಗಾ ಸಿಪ್ಪೆಯನ್ನು ಸಣ್ಣಗೆ ಮುರಿಯುತ್ತಿದ್ದಳು. "ನಾನು ಖರೆಯಾಗಿಯೂ ಸಂಶಯಪಟ್ಟಿದ್ದೆ. ಶಾಲೆಯ ಲೈಬ್ರರಿಯಲ್ಲಿ ಆರೋಗ್ಯದ ಪುಸ್ತಕ ತೆಗೆದು ಓದಿದ್ದೆ. ಬಲಗಡೆ ಕೆಳಗೆ ನೋವು ಬಂದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ ಅಂತ ಅದರಲ್ಲಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಅವರ ಲೆಕ್ಕದಲ್ಲಿ ನೋಡಿದರೂ, ಪುಸ್ತಕದ ಲೆಕ್ಕದಲ್ಲಿ ನೋಡಿದರೂ, ತಪ್ಪು ನನ್ನದೇ."

ಪ್ರಭಾವತಿ ಅವಳ ಕೈಯಿಂದ ಸಿಪ್ಪೆ ಇಸಿದುಕೊಂಡಳು. "ನಿನಗಾಗ ಹದಿಮೂರು ವರ್ಷ," ಎಂದಷ್ಟೇ ಹೇಳಿದಳು.

ಹತ್ತೊಂಬತ್ತಕ್ಕೆ ಹಿಸಾಕೊ ಮನೆ ಬಿಟ್ಟಳು. ತಾಯಿಯ ಜೊತೆ ಆಮೇಲೆ ಮಾತಾಡಲಿಲ್ಲ. ಮೂರು ವರ್ಷದ ಹಿಂದೆ ಒಬ್ಬಾತ, ತನ್ನ ತಾಯಿ ಬೇರೊಂದು ಪಂಥಕ್ಕೆ ಸೇರಿದ್ದರಿಂದ ಮನೆ ಹಾಳಾಯಿತೆಂದು ಕುದಿಯುತ್ತಿದ್ದವನು, ಆ ಪಂಥಕ್ಕೆ ಬೆಂಬಲವಾಗಿದ್ದರೆಂದು ದೊಡ್ಡ ರಾಜಕಾರಣಿಯೊಬ್ಬರಿಗೆ ಗುಂಡು ಹೊಡೆದ. ಅಲ್ಲಿಂದ ಅವಳ ದೇಶದಲ್ಲಿ ಎಲ್ಲಿ ನೋಡಿದರೂ ಇದೇ ಮಾತು. ಇಂಥ ಮನೆಗಳ ಮಕ್ಕಳಿಗೆ 'ಎರಡನೇ ತಲೆಮಾರು' ಎಂಬ ಹೆಸರೇ ಬಿತ್ತು. ಕೆಲವರು ಮುಖ ಮುಚ್ಚಿಕೊಂಡು, ಕೆಲವರು ಮುಖ ತೋರಿಸಿಯೇ, ಟಿವಿಯಲ್ಲಿ ಮಾತಾಡಿದರು. ಕಾರ್ಖಾನೆಯಲ್ಲಿ ಊಟಕ್ಕೆ ಕೂತಾಗ ಜೊತೆಯವರು ಅದನ್ನೇ ಚರ್ಚಿಸುತ್ತಿದ್ದರು. ಹಿಸಾಕೊ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಧಾರವಾಡಕ್ಕೆ ಯಾರಾದರೂ ಹೋಗುತ್ತೀರಾ ಎಂದು ಕೇಳಿದಾಗ ಮೊದಲು ಕೈ ಎತ್ತಿದವಳು ಅವಳೇ.

ಅಂದು ಸಂಜೆ ಪ್ರಭಾವತಿ ಎಲ್ಲವನ್ನೂ ಗಂಡನಿಗೆ ಹೇಳಿದಳು. ಉಡಚಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಏಳು ಗಂಟೆಗೆ ಪಡಸಾಲೆಯ ಬಾಗಿಲು ಹಾಕಿ, ತಮಗಷ್ಟೇ ಕೇಳುವಂತೆ ವಂದನೆ ಹೇಳಿದರು. ಹತ್ತು ದಿನ ಹಾಗೆಯೇ ನಡೆಯಿತು. ಆಮೇಲೆ ಹಿಸಾಕೊಳೇ ಅಡುಗೆಮನೆಗೆ ಬಂದು, "ಕಾಕಾರ ಯಾಕೆ ಸಣ್ಣ ದನಿಯಲ್ಲಿ ಹೇಳುತ್ತಾರೆ? ನನಗಾಗಿ ಬೇಡ ಅಂತ ಹೇಳಿ. ಈಗ ಅಷ್ಟು ತ್ರಾಸ ಆಗುವುದಿಲ್ಲ," ಎಂದಳು.

ಡಿಸೆಂಬರ್ ಮೊದಲ ವಾರದಲ್ಲಿ ಜಪಾನಿನ ಆಸ್ಪತ್ರೆಯೊಂದರಿಂದ ಫೋನು ಬಂತು. ತಾಯಿಗೆ ಹೊಟ್ಟೆಯ ಕ್ಯಾನ್ಸರು. ಉಳಿದಿರುವುದು ಕೆಲವೇ ದಿನ. ಬೀದಿಯಲ್ಲಿ ಬಿದ್ದಿದ್ದವಳನ್ನು ಯಾರೋ ಅಲ್ಲಿಗೆ ಸೇರಿಸಿದ್ದರಂತೆ. ನೋಡಲು ಬರುವವರು ಪಂಥದ ಇಬ್ಬರು ಮುದುಕಿಯರು ಮಾತ್ರ. ಅವಳದೊಂದು ಆಸೆ ಇತ್ತು. ಫೋನಿನ ಪರದೆಯ ಮೇಲಾದರೂ ಸರಿ, ಮಗಳು ಒಮ್ಮೆ ತನ್ನ ಕಡೆ ಅಂಗೈ ಎತ್ತಿ ಹಿಡಿಯಬೇಕು.

ಹಿಸಾಕೊ ಹಿತ್ತಲಿನ ಪೇರಲ ಗಿಡದ ಕೆಳಗೆ ಬಂದು ಕೂತಳು. ಕಾರ್ಖಾನೆಗೆ ಹೋಗಲಿಲ್ಲ. "ಅವಳಿಗೀಗ ಸಲೈನ್ ಹಾಕಿದ್ದಾರೆ, ಔಷಧಿ ಕೊಡುತ್ತಿದ್ದಾರೆ," ಎಂದಳು. "ಶೋತಾನಿಗೆ ಇದರಲ್ಲಿ ಒಂದು ಹನಿ ಸಿಕ್ಕಿದ್ದರೆ ಸಾಕಿತ್ತು." ಸ್ವಲ್ಪ ಹೊತ್ತಾದ ಮೇಲೆ ಉಡಚಪ್ಪನವರ ಕಡೆ ತಿರುಗಿ, "ಕಾಕಾರ, ನೀವು ಏನು ಮಾಡುತ್ತಿದ್ದಿರಿ?" ಎಂದು ಕೇಳಿದಳು.

ಉಡಚಪ್ಪ ಕುರ್ಚಿ ಎಳೆದುಕೊಂಡು ಕೂತರು. "ನಾ ಕನ್ನಡದಾಗ ಹೇಳ್ತೇನಿ. ನೀ ಅಕೀಗೆ ಇಂಗ್ಲೀಷಿನ್ಯಾಗ ಹೇಳು," ಎಂದು ಹೆಂಡತಿಗೆ ಹೇಳಿ ಶುರು ಮಾಡಿದರು.

"ನನಗೊಬ್ಬಾಕಿ ಅಕ್ಕ ಇದ್ಲು. ಅಕೀಗೆ ಒಂಬತ್ತು ವರ್ಷ ಇದ್ದಾಗ ನಮ್ಮವ್ವ ಹರಕಿ ಹೊತ್ತು, ದೇವಿ ಹೆಸರಿಲೆ ಮುತ್ತು ಕಟ್ಟಿಸಿ ದೇವದಾಸಿ ಮಾಡಿಸಿದ್ಲು. ಮುತ್ತು ಕಟ್ಟಿದ ಮ್ಯಾಲೆ ಲಗ್ನ ಇಲ್ಲ. ದೊಡ್ಡಾಕಿ ಆದ ಮ್ಯಾಲೆ ಮುಂಬೈಗೆ ಒಯ್ದ್ರು. ಇಪ್ಪತ್ನಾಕಕ್ಕ ಅಲ್ಲೇ ಸತ್ಲು. ಆ ಸಿಟ್ಟಿನಾಗ ನಾ ದೀಕ್ಷಾ ತಗೊಂಡೆ. ಮನ್ಯಾಗಿನ ದೇವಿ ಮೂರ್ತಿ ಇಟ್ಟ ಬುಟ್ಟಿ ಒಯ್ದು ಕೆರ್‍ಯಾಗ ಬಿಟ್ಟೆ. ಅವ್ವ ಮತ್ತ ನನ್ನ ಮನಿಗೆ ಬರಲಿಲ್ಲ. ಸಾಯೋ ಮುಂದ ಹೇಳಿ ಕಳಿಸಿದ್ಲು, ಉಡಚಪ್ಪ ಬಂದು ನನ್ನ ಹಣಿಗೆ ದೇವಿ ಭಂಡಾರ ಹಚ್ಚಲಿ ಅಂತ. ಭಂಡಾರ ಅಂದ್ರ ಅರಿಷಿಣ, ಅಷ್ಟ. ನಾ ಹೋದೆ. ಬಾಜೂಕ ಕೂತೆ. ಹಚ್ಚಲಿಲ್ಲ."

ಪ್ರಭಾವತಿ ಒಂದೊಂದೇ ವಾಕ್ಯ ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ಕೊನೆಯ ಮಾತಿಗೆ ಬಂದಾಗ ಅವಳ ನಾಲಿಗೆ ತಡೆಯಿತು. ಹಿಸಾಕೊ ಕಾದಳು. "ಹಚ್ಚಲಿಲ್ಲ," ಎಂದು ಪ್ರಭಾವತಿ ಮುಗಿಸಿದಳು.

"ಅದು ತಪ್ಪು ಅಂತೀರಾ?" ಎಂದು ಹಿಸಾಕೊ ಕೇಳಿದಳು.

"ತಪ್ಪಲ್ಲ," ಎಂದರು ಉಡಚಪ್ಪ. "ಇವತ್ತು ಕರದ್ರೂ ಹಚ್ಚೂದಿಲ್ಲ. ಆದ್ರ ಅಕಿ ನನ್ನ ಕೈ ಕಡೆ ನೋಡಿಕೋತ ಇದ್ಲವ್ವಾ. ಇಪ್ಪತ್ತೊಂಬತ್ತು ವರ್ಷಾತು, ಅದು ಮರತಿಲ್ಲ. ಹಿಂಗ ಮಾಡು ಹಂಗ ಮಾಡು ಅಂತ ನಾ ಹೆಂಗ ಹೇಳ್ಲಿ?"

ಹಿಸಾಕೊ ಒಗೆಯುವ ಕಲ್ಲಿಗೆ ಫೋನು ಒರಗಿಸಿಟ್ಟು ಕರೆ ಮಾಡಿದಳು. ಗಂಡ ಹೆಂಡತಿ ಒಳಗೆ ಹೋದರು. ಅಡುಗೆಮನೆಯ ಕಿಟಕಿಯಿಂದ ಪ್ರಭಾವತಿಗೆ ಅವಳ ಬೆನ್ನು ಕಾಣುತ್ತಿತ್ತು, ಪರದೆಯ ಮೇಲೆ ಒಂದು ಪುಟ್ಟ ಬಿಳಿಯ ಮುಖವೂ ಕಾಣುತ್ತಿತ್ತು. ಆ ಮುಖದ ಪಕ್ಕದಲ್ಲಿ ಒಂದು ಅಂಗೈ ಮೆಲ್ಲಗೆ ಮೇಲೆದ್ದಿತು. ಮುದುಕಿ ತಾನೇ ಮಗಳ ಕಡೆ ಕೈ ಎತ್ತಿದ್ದಳು. ಹಿಸಾಕೊ ತನ್ನೆರಡು ಕೈಗಳನ್ನು ತೊಡೆಯ ನಡುವೆ ಬಿಗಿಯಾಗಿ ಹಿಡಿದುಕೊಂಡಿದ್ದಳು. ಏನೋ ಒಂದು ಕೇಳಿದಳು. ಆ ಕಡೆಯಿಂದ ನಾಲ್ಕು ಮಾತು ಬಂದವು. ಹಿಸಾಕೊ ಕರೆ ಮುಗಿಸಿದಳು.

"ಶೋತಾನಿಗೆ ಏನಾಗಿತ್ತು, ನಿನ್ನ ಬಾಯಿಂದ ಹೇಳು ಅಂದೆ," ಎಂದು ಆಮೇಲೆ ಹೇಳಿದಳು. "ಅವನು ಬೆಳಕಿನಲ್ಲಿ ಸುಖವಾಗಿದ್ದಾನೆ ಅಂದಳು. ಕೈ ಏಳಲಿಲ್ಲ, ಅಕ್ಕಾರ."

ಮೂರು ದಿನಕ್ಕೆ ತಾಯಿ ತೀರಿಕೊಂಡಳು. ಹಿಸಾಕೊ ಹುಬ್ಬಳ್ಳಿಯಿಂದ ವಿಮಾನ ಹಿಡಿದು ಹೊರಟಳು. ತಾಯಿಯ ಅಂತ್ಯಕ್ರಿಯೆಗೆ ತಾನು ನಿಲ್ಲುವುದಿಲ್ಲ, ಪಂಥದವರು ಮಾಡಿಕೊಳ್ಳಲಿ, ಅವರ ಮಂದಿರದಲ್ಲಿ ಇಟ್ಟಿರುವ ತಮ್ಮನ ಅಸ್ಥಿ ಕೇಳಿ ತರುತ್ತೇನೆ ಎಂದಳು.

ಅವಳನ್ನು ಕಳಿಸಿ ಬಂದ ದಿನ ಉಡಚಪ್ಪ ಊಟ ಮಾಡದೆ ಸುಮ್ಮನೆ ಕೂತಿದ್ದರು. ಪ್ರಭಾವತಿ ತಾಟನ್ನು ಅವರ ಮುಂದಿಟ್ಟು ತಾನೂ ಎದುರಿಗೆ ಕೂತಳು.

"ಒಂದ ಮಾತು ಹೇಳೂದೈತ್ರಿ. ಸಿಟ್ಟಿಗೇಳಬ್ಯಾಡ್ರಿ."

"ಹೇಳು."

"ಅವತ್ತು ನೀವು ಎದ್ದು ಹೊರಗ ಹೋದ್ರಿ. ನಾ ನಿಮ್ಮವ್ವನ ಹಣಿಗೆ ಭಂಡಾರ ಹಚ್ಚಿದೆ."

ಉಡಚಪ್ಪ ತಲೆ ಎತ್ತಲಿಲ್ಲ. ತಾಟಿನಲ್ಲಿದ್ದ ರೊಟ್ಟಿಯನ್ನೇ ನೋಡುತ್ತಿದ್ದರು.

"ಅಕೀಗೆ ಗೊತ್ತಾತೇನು?"

"ಗೊತ್ತಾತ್ರಿ. ಕಣ್ಣು ತೆಗದು, ಅವ ಹಚ್ಚಂದನೇನು ಅಂತ ಕೇಳಿದ್ರು."

"ನೀ ಏನಂದಿ?"

"ಹೂಂ ಅಂದೆ."

ಹೊರಗೆ ಕೋಚಿಂಗ್ ಕ್ಲಾಸು ಬಿಟ್ಟ ಹುಡುಗ ಹುಡುಗಿಯರು ಗದ್ದಲ ಮಾಡುತ್ತ ಹೋಗುತ್ತಿದ್ದರು. "ನನ್ನ ಕೇಳದ ಮಾಡಿದಿ," ಎಂದರು ಉಡಚಪ್ಪ ಕೊನೆಗೆ. ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ನಲವತ್ತು ವರ್ಷ ಸಂಸಾರ ಮಾಡಿದ ಪ್ರಭಾವತಿಗೂ ತಿಳಿಯಲಿಲ್ಲ. ಅವರು ರೊಟ್ಟಿ ಮುರಿದು ಒಂದು ತುತ್ತು ಬಾಯಿಗಿಟ್ಟರು. ಎದ್ದು ಕೈ ತೊಳೆದುಕೊಂಡರು. ಅಂದು ಏಳು ಗಂಟೆಗೆ ಪ್ರಭಾವತಿ ಒಬ್ಬಳೇ ವಂದನೆ ಹೇಳಿದಳು.

ಹನ್ನೆರಡು ದಿನಕ್ಕೆ ಹಿಸಾಕೊ ತಿರುಗಿ ಬಂದಳು. ತೂಕ ಇಳಿದಿತ್ತು. ಪಂಥದ ಮುದುಕಿಯರು ಏನೂ ತಕರಾರು ಮಾಡದೆ ಶೋತಾನ ಅಸ್ಥಿಯ ಭರಣಿ ಕೊಟ್ಟರಂತೆ. ತಾಯಿಯದನ್ನು ಅವರಲ್ಲಿಯೇ ಬಿಟ್ಟು, ತಮ್ಮನದನ್ನು ತಂದೆಯ ಸಮಾಧಿಯಲ್ಲಿ ಇಟ್ಟು ಬಂದೆ ಎಂದಳು. ಅಡುಗೆಮನೆಯ ಮಣೆಯ ಮೇಲೆ ಕೂತು ಚಹಾ ಕುಡಿದಳು. ಕಪ್ಪು ಕೆಳಗಿಟ್ಟು, "ಆಸ್ಪತ್ರೆಯ ನರ್ಸ್ ಒಂದು ಮಾತು ಹೇಳಿದಳು," ಎಂದಳು. ಉಡಚಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಪ್ರಭಾವತಿ ಅವರಿಗಾಗಿ ಕನ್ನಡದಲ್ಲಿ ಹೇಳುತ್ತ ಹೋದಳು.

ಆಸ್ಪತ್ರೆಗೆ ಸೇರಿದ ದಿನದಿಂದ ಮುದುಕಿ ತನ್ನ ರೋಗದ ಬಗ್ಗೆ ಏನೂ ಕೇಳಿರಲಿಲ್ಲವಂತೆ. ಬೆಳಿಗ್ಗೆ ಡಾಕ್ಟರು ನೋಡಲು ಬಂದರೆ ಸಾಕು, ಅವರ ತೋಳು ಹಿಡಿದು ಒಂದೇ ಪ್ರಶ್ನೆ ಕೇಳುತ್ತಿದ್ದಳಂತೆ: "ಒಂಬತ್ತು ವರ್ಷದ ಹುಡುಗ. ಹೊಟ್ಟೆ ನೋಯುತ್ತದೆ. ಬಲಗಡೆ, ಕೆಳಗೆ. ಏನು ಮಾಡಬೇಕು?" ಡಾಕ್ಟರು ಬದಲಾದರೆ ಹೊಸ ಡಾಕ್ಟರಿಗೂ ಅದೇ ಪ್ರಶ್ನೆ. ಪಂಥದ ಮುದುಕಿಯರು ಬಂದಾಗ ಮಾತ್ರ ಕೇಳುತ್ತಿರಲಿಲ್ಲ.

"ಯಾರೂ ಉತ್ತರ ಹೇಳಲಿಲ್ಲೇನು?" ಎಂದು ಉಡಚಪ್ಪ ಕೇಳಿದರು.

ಪ್ರಭಾವತಿ ಅದನ್ನು ಇಂಗ್ಲಿಷಿನಲ್ಲಿ ಕೇಳಿದಳು. ಹಿಸಾಕೊ ಇಲ್ಲವೆಂದು ತಲೆಯಾಡಿಸಿದಳು. "ಮುದುಕಿಗೆ ಭ್ರಮೆ ಅಂತ ಸುಮ್ಮನಾಗುತ್ತಿದ್ದರು. ಒಬ್ಬ ಹೊಸ ಡಾಕ್ಟರ್, ಸಣ್ಣ ವಯಸ್ಸಿನವನು, ಈಗಲೇ ಕರೆದುಕೊಂಡು ಬನ್ನಿ, ಉಳಿಯುತ್ತಾನೆ ಅಂದನಂತೆ. ಅಮ್ಮ ಎದ್ದು ಕೂತು ಮಂಚದ ಕೆಳಗೆ ಚಪ್ಪಲಿ ಹುಡುಕಿದಳಂತೆ. ಮೂವರು ಹಿಡಿದು ಮಲಗಿಸಬೇಕಾಯಿತಂತೆ."

ಪ್ರಭಾವತಿಗೆ ಇದನ್ನು ಕನ್ನಡದಲ್ಲಿ ಹೇಳಲು ಬಾಯಿ ಬರಲಿಲ್ಲ. ಅರ್ಧ ತಿಳಿದಿದ್ದ ಉಡಚಪ್ಪ ಉಳಿದದ್ದನ್ನು ಕೇಳಲೂ ಇಲ್ಲ. ಒಳಗೆ ಬಂದು, ಹಿಸಾಕೊಳ ಎದುರಿಗೆ ನೆಲದ ಮೇಲೆ ಕೂತರು.

"ಇದು ಗೊತ್ತಿದ್ದರೂ ನಾನು ಕೈ ಎತ್ತುತ್ತಿರಲಿಲ್ಲ," ಎಂದಳು ಹಿಸಾಕೊ. "ಆದರೆ ಆ ಪ್ರಶ್ನೆಗೆ ಉತ್ತರ ಹೇಳುತ್ತಿದ್ದೆ. ಅವಳು ನನ್ನನ್ನು ಕೇಳಲೇ ಇಲ್ಲ."